ಸೂಜಿಗಲ್ಲು ಮತ್ತು ಉಕ್ಕಿನ ತಂತಿ

ಕಬ್ಬಿಣವನ್ನು ಸೆಳೆಯುವ ಕಲ್ಲಿಗೆ ನಮ್ಮಲ್ಲಿ ಎರಡು ಹೆಸರುಗಳಿವೆ. ಸಂಸ್ಕೃತದಿಂದ ಬಂದದ್ದು ಅಯಸ್ಕಾಂತ. ಎಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ಉಮೆಯ ರೂಪವು ಶಿವನ ಮನಸ್ಸನ್ನು ಸೆಳೆಯಬೇಕಾದ ಬಗೆಯನ್ನು ಹೇಳುವಾಗ ಕಾಳಿದಾಸನು ಕುಮಾರಸಂಭವದಲ್ಲಿ ಈ ಉಪಮೆಯನ್ನೇ ತಂದಿದ್ದಾನೆ. ಕನ್ನಡದ ಹೆಸರು ಸೂಜಿಗಲ್ಲು. ಇದರಲ್ಲಿ ಪ್ರಣಯವಿಲ್ಲ, ಮನೆಯ ಸೂಜಿ-ದಾರದ ಡಬ್ಬಿಯಿದೆ. ಈ ಮನೆಮಾತಿನ ವಸ್ತು ಸ್ಟೀಲ್ ಗಿಟಾರೆಂಬ ವಾದ್ಯಕ್ಕೆ ಹೇಗೆ ಕಿವಿಯಾಯಿತು, ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಹೇಗೆ ಎಂಬುದೇ ನನ್ನ ಇಂದಿನ ಮಾತಿನ ವಿಷಯ. ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೇಳಬಹುದು. ಇದರ ಬೇರು ಒಂದು ಕನ್ನಡ ಶಬ್ದದಲ್ಲಿದೆ ಎಂಬುದೇ ಅದಕ್ಕೆ ಉತ್ತರ.

ಗದಗು, ಶಿರಹಟ್ಟಿ, ಮುಂಡರಗಿ ಸೀಮೆಗಳ ನಡುವೆ ಚಾಚಿಕೊಂಡಿರುವ ಕಪ್ಪತಗುಡ್ಡದ ಮಣ್ಣಿನಲ್ಲಿ ಕಬ್ಬಿಣದ ಅದುರು ಉಂಟು. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಮಳೆ ನಿಂತ ಮೇಲೆ ಹಳ್ಳದ ಮರಳಿನಲ್ಲಿ ಸೂಜಿಗಲ್ಲನ್ನು ಎಳೆದಾಡಿಸಿ, ಅಂಟಿ ಬಂದ ಕರಿಯ ಪುಡಿಯನ್ನು ಕಾಗದದ ಮೇಲೆ ಕುಣಿಸದ ಹುಡುಗರು ನಮ್ಮ ಕಡೆ ವಿರಳ. ಅದೇ ಹುಡುಗರು ಮೊಳೆಯನ್ನು ಸೂಜಿಗಲ್ಲಿಗೆ ಉಜ್ಜಿ ನೋಡಿರುತ್ತಾರೆ. ಮೆದು ಕಬ್ಬಿಣದ ಮೊಳೆ ಬೇಗನೆ ಕಾಂತವಾಗುತ್ತದೆ, ಅಷ್ಟೇ ಬೇಗನೆ ಮರೆತೂ ಬಿಡುತ್ತದೆ. ಉಕ್ಕಿನ ಸೂಜಿ ಹಾಗಲ್ಲ. ಒಲಿಯುವುದು ತಡ, ಒಲಿದ ಮೇಲೆ ಬಹುಕಾಲ ಬಿಡದು.

ಆದುದರಿಂದ ಮನೆಯಲ್ಲಿ ಅಯಸ್ಕಾಂತ ಮಾಡುವವನಿಗೆ ಮೊದಲು ಬೇಕಾದದ್ದು ಉಕ್ಕು. ಸವೆದ ಅರ ಸಾಕು. ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಕುದುರೆಯ ಲಾಳದಂತೆ ಬಾಗಿಸಿ, ಮತ್ತೆ ಕಾಯಿಸಿ ನೀರಿನಲ್ಲಿ ಅದ್ದಬೇಕು. ಎಷ್ಟು ಕಾಯಬೇಕು? ಸೂಜಿಗಲ್ಲು ಅದನ್ನು ಸೆಳೆಯುವುದನ್ನು ಬಿಡುವಷ್ಟು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣವು ಕಾಂತಕ್ಕೆ ಓಗೊಡುವುದಿಲ್ಲ. ಹೀಗೆ ಹದ ಕೊಡುವ ವಿದ್ಯೆ ಕೊಡಲಿ, ಕುಡುಗೋಲು ಮಾಡುವ ನಮ್ಮ ಕಮ್ಮಾರರಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ತಣಿದ ಲಾಳಕ್ಕೆ ಹೊದಿಕೆಯಿರುವ ತಾಮ್ರದ ತಂತಿಯನ್ನು ಸುತ್ತಿ, ಬ್ಯಾಟರಿಯ ವಿದ್ಯುತ್ತನ್ನು ಕ್ಷಣಕಾಲ ಹರಿಸಿದರೆ ಆಯಿತು. ಬಳಸದಿರುವಾಗ ಎರಡು ತುದಿಗಳಿಗೂ ಮೆದು ಕಬ್ಬಿಣದ ತುಂಡೊಂದನ್ನು ಅಡ್ಡಲಾಗಿ ಅಂಟಿಸಿಡಬೇಕು, ಕೆಡವಬಾರದು, ಕಾಯಿಸಬಾರದು.

ಈ ಉಕ್ಕು ಎಂಬ ನಮ್ಮ ಶಬ್ದವೇ ಇಂಗ್ಲೆಂಡಿಗೆ ಹೋಗಿ ‘ವುಟ್ಸ್’ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹವನ್ನು ಕುರಿತು ಪ್ರಬಂಧ ಮಂಡಿಸಿದನು. 1819ರಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದವನು ಮೈಕೆಲ್ ಫ್ಯಾರಡೆ. ಅದೇ ಫ್ಯಾರಡೆ 1831ರಲ್ಲಿ, ತಂತಿಯ ಸುರುಳಿಯ ಬಳಿ ಕಾಂತಶಕ್ತಿ ಏರಿಳಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಕಂಡುಹಿಡಿದನು. ಗಿಟಾರಿನ ಪಿಕಪ್ ಎಂಬ ಸಾಧನದಲ್ಲಿರುವುದು ಇಷ್ಟೇ: ಒಂದು ಅಯಸ್ಕಾಂತ, ಒಂದು ಸುರುಳಿ, ಮೇಲೆ ನಡುಗುವ ಉಕ್ಕಿನ ತಂತಿ. ಬಾನುಲಿಯ ಧ್ವನಿವರ್ಧಕದಲ್ಲಿ ಇದೇ ಕ್ರಿಯೆ ತಿರುಗುಮುರುಗಾಗಿ ನಡೆಯುತ್ತದೆ. ನನ್ನ ಮಾತು ನಿಮಗೆ ಕೇಳಿಸಿದ್ದೂ ಒಂದು ಸೂಜಿಗಲ್ಲಿನ ದಯೆಯಿಂದಲೇ.

ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ಗಿಟಾರು ನುಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆಯಿತು. ಅದರ ಕೀರ್ತಿ ಸಾಮಾನ್ಯವಾಗಿ ಜೋಸೆಫ್ ಕೆಕುಕುವಿಗೆ ಸಲ್ಲುತ್ತದೆ. ಭಾರತದಲ್ಲಿ ಹುಟ್ಟಿ ಅಲ್ಲಿ ನೆಲೆಸಿದ ಗೇಬ್ರಿಯಲ್ ಡೇವಿಯನ್ ಎಂಬವನ ಹೆಸರನ್ನೂ ಹೇಳುವುದುಂಟು. ಆದರೆ ವಾದ್ಯಮೇಳದ ನಡುವೆ ಈ ಗಿಟಾರಿನ ದನಿ ಅಡಗಿಹೋಗುತ್ತಿತ್ತು. ಲಾಸ್ ಏಂಜಲೀಸಿನ ವಾದಕ ಜಾರ್ಜ್ ಬೋಷಾಂಪ್ ತನ್ನ ಮನೆಯ ಊಟದ ಮೇಜಿನ ಮೇಲೆ ಗ್ರಾಮಫೋನಿನ ಪಿಕಪ್ಪನ್ನು ಬಿಚ್ಚಿ ಪ್ರಯೋಗಕ್ಕೆ ತೊಡಗಿದನು. ಮನೆಬಳಕೆಯ ಯಂತ್ರವೊಂದರ ಮೋಟಾರಿನಿಂದಲೇ ಸುರುಳಿ ಸುತ್ತಿದನೆಂದು ಹೇಳುತ್ತಾರೆ. 1931ರಲ್ಲಿ ಸಿದ್ಧವಾದ ಆ ವಾದ್ಯಕ್ಕೆ, ಅದರ ಆಕಾರ ಕಂಡು, ‘ಬಾಣಲೆ’ ಎಂದು ಜನ ಹೆಸರಿಟ್ಟರು. ಅದರಲ್ಲಿ ಲಾಳದಂಥ ಎರಡು ದೊಡ್ಡ ಉಕ್ಕಿನ ಅಯಸ್ಕಾಂತಗಳು ತಂತಿಗಳನ್ನು ಕಮಾನಿನಂತೆ ಬಳಸಿದ್ದವು. ಉಕ್ಕಿನ ಕಾಂತಶಕ್ತಿ ಮಿತವಾದುದರಿಂದ ಗಾತ್ರ ದೊಡ್ಡದಾಗಬೇಕಾಯಿತು. ಅದೇ 1931ರಲ್ಲಿ ಜಪಾನಿನ ಮಿಶಿಮಾ ನಿಕ್ಕಲ್ ಮತ್ತು ಅಲ್ಯೂಮಿನಿಯಂ ಬೆರೆಸಿದ ಪ್ರಬಲ ಮಿಶ್ರಲೋಹವನ್ನು ಕಂಡುಹಿಡಿದ ಮೇಲೆ, ಬರಬರುತ್ತ ಪಿಕಪ್ಪಿನ ಕಾಂತಗಳು ಬೆರಳಿನಷ್ಟಾದವು. ಬೋಷಾಂಪನಿಗೆ ಪೇಟೆಂಟು ದೊರೆತದ್ದು 1937ರಲ್ಲಿ.

ವಿದ್ಯುತ್ತು ಸೋಕಿದ ವಾದ್ಯದಲ್ಲಿ ಜೀವವಿಲ್ಲ ಎಂದು ಮೂಗು ಮುರಿಯುವ ರಸಿಕರು ನನ್ನ ಗೆಳೆಯರಲ್ಲಿಯೇ ಇದ್ದಾರೆ. ಗದಗಿನಂಥ ಸಂಗೀತದ ಊರಿನಲ್ಲಿ ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದೇ ಊರಿನ ಅನುಭವವೇನು? ಅಖಿಲ ಭಾರತ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಪರದೇಶಿಯೆಂದು ಅದಕ್ಕೆ ಬಹಿಷ್ಕಾರ ಹಾಕಿತು. ಅದು ಸಡಿಲವಾದದ್ದು 1971ರಲ್ಲಿ. ಆ ಅವಧಿಯಲ್ಲಿಯೂ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಆ ಪೆಟ್ಟಿಗೆ ಸೊಗಸಾಗಿ ಹಾಡುತ್ತಲೇ ಇತ್ತು. ಬಾಲಕ ಭೀಮಸೇನ ಜೋಶಿಯವರಿಗೆ ಅಬ್ದುಲ್ ಕರೀಂ ಖಾನರ ಹುಚ್ಚು ಹಿಡಿಸಿದ್ದು ಅಂಗಡಿಯಲ್ಲಿ ಕೇಳಿದ ಗ್ರಾಮಫೋನ್ ತಟ್ಟೆ. ಯಂತ್ರದ ದನಿಯೆಂದು ಆ ಹುಡುಗ ಕಿವಿ ಮುಚ್ಚಿಕೊಂಡಿದ್ದರೆ ನಷ್ಟ ಯಾರದು?

ಪಿಕಪ್ಪು ತಾನಾಗಿ ನಾದವನ್ನು ಹುಟ್ಟಿಸುವುದಿಲ್ಲ. ಉಕ್ಕಿನ ತಂತಿ ಅಲುಗಿದಂತೆ ವಿದ್ಯುತ್ತನ್ನು ಅಲುಗಿಸುವುದಷ್ಟೇ ಅದರ ಕೆಲಸ. ಕರುಳಿನ ಅಥವಾ ನೈಲಾನಿನ ತಂತಿ ಕಟ್ಟಿದರೆ ಅದು ಬಹುಮಟ್ಟಿಗೆ ಮೂಕ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಕೈಯಿಂದಲೇ ಬರಬೇಕು. ಕೈ ತಪ್ಪಿದರೆ ಆ ತಪ್ಪೂ ದೊಡ್ಡದಾಗಿಯೇ ಕೇಳುತ್ತದೆ. ಗೋಟುವಾದ್ಯ, ವಿಚಿತ್ರವೀಣೆಗಳ ಜಾರು ನಮ್ಮ ಕಿವಿಗೆ ಮೊದಲೇ ಪರಿಚಿತವಾಗಿತ್ತು. ಆದ್ದರಿಂದಲೇ ಬ್ರಿಜ್ ಭೂಷಣ್ ಕಾಬ್ರಾ ಅವರು ಹವಾಯಿಯ ಈ ಗಿಟಾರಿನಲ್ಲಿ ರಾಗ ನುಡಿಸಿದಾಗ ಅದು ಹೊರಗಿನದೆನಿಸಲಿಲ್ಲ. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಂದಿಗೆ 1967ರಲ್ಲಿ ಅವರು ನೀಡಿದ ‘ಕಾಲ್ ಆಫ್ ದಿ ವ್ಯಾಲಿ’ ಮನೆಮನೆಗೆ ತಲುಪಿತು.

ಇಂದು ಅಯಸ್ಕಾಂತ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಮಾಡಿಕೊಳ್ಳುವ ಅಗತ್ಯವೇನು ಎನ್ನಬಹುದು. ಕೊಂಡದ್ದು ಬಲವಾದದ್ದೂ ಹೌದು. ಆದರೆ ಕಾಯಿಸಿ, ಅದ್ದಿ, ಸುರುಳಿ ಸುತ್ತಿ ನೋಡಿದ ಹುಡುಗನಿಗೆ ವಾದ್ಯವು ಮಾಯಾಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಕಮ್ಮಾರನ ಕೆಲಸವೂ ಕೀಳೆನಿಸುವುದಿಲ್ಲ. ಕನ್ನಡದ ತಿರುಳೆಂದು ಕವಿರಾಜಮಾರ್ಗ ಎಣಿಸಿದ ಪುಲಿಗೆರೆ, ಎಂದರೆ ನಮ್ಮ ಲಕ್ಷ್ಮೇಶ್ವರ, ಈ ಸೀಮೆಯಲ್ಲಿಯೇ ಇದೆ. ಉಕ್ಕು ಎಂಬ ಶಬ್ದವನ್ನು ನಿಘಂಟಿನಿಂದ ಕಲಿಸುವ ಶಾಲೆಗಳು, ವರ್ಷಕ್ಕೊಂದು ದಿನ ಮಕ್ಕಳನ್ನು ಊರ ಕುಲುಮೆಗೆ ಕರೆದೊಯ್ದು ಒಂದು ಸವೆದ ಅರವನ್ನು ಸೂಜಿಗಲ್ಲು ಮಾಡಿಸಲಿ. ಸಿತಾರದ ಒಂದು ಉಕ್ಕಿನ ತಂತಿಯನ್ನು ಅದರ ಮೇಲೆ ಮೀಟಿ ಕೇಳಿಸಲಿ. ಭಾಷೆಯ ಪಾಠ, ವಿಜ್ಞಾನದ ಪಾಠ, ಸಂಗೀತದ ಪಾಠ ಮೂರೂ ಅಲ್ಲಿ ಒಟ್ಟಿಗೆ ಆಗುತ್ತವೆ.