ನಾರಾವಿ ಸೀಮೆಯ ಕೃಷಿಭೂಮಿ ವ್ಯವಹಾರ: ಕಾಣುವ ತೋಟವೆಲ್ಲ ಕ್ರಯಕ್ಕಿಲ್ಲ

ಪಶ್ಚಿಮ ಘಟ್ಟದ ತಪ್ಪಲಲ್ಲಿರುವ ನಾರಾವಿ, ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಗಡಿಗ್ರಾಮ. ಒಂದು ಬದಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅರಣ್ಯ, ಇನ್ನೊಂದು ಬದಿಗೆ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕು. ಅಡಿಕೆ, ರಬ್ಬರ್, ತೆಂಗು, ಕರಿಮೆಣಸು ಇಲ್ಲಿನ ಮುಖ್ಯ ಬೆಳೆಗಳು. ಮೂಡುಬಿದಿರೆ, ಮಂಗಳೂರು ಮಾತ್ರವಲ್ಲದೆ ಬೆಂಗಳೂರಿನಿಂದಲೂ ತೋಟ ಹುಡುಕಿಕೊಂಡು ಬರುವವರು ಈ ಸೀಮೆಯಲ್ಲಿದ್ದಾರೆ.

ಹಿಂದೆ ಕೃಷಿಕರಲ್ಲದವರಿಗೆ ಈ ದಾರಿ ಮುಚ್ಚಿತ್ತು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಅಂಥವರ ಖರೀದಿಯನ್ನು ನಿರ್ಬಂಧಿಸಿದ್ದವು. ಕೃಷಿಯೇತರ ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷ ರೂಪಾಯಿಯಿಂದ 25 ಲಕ್ಷಕ್ಕೆ ಏರಿಸಲಾಯಿತು. 2020ರ ತಿದ್ದುಪಡಿಯಲ್ಲಿ ಆ ಕಲಂಗಳನ್ನೇ ಕೈಬಿಡಲಾಯಿತು. ಭೂಮಿತಿಯ ನಿಯಮ ಮಾತ್ರ ಉಳಿದಿದೆ. ಖರೀದಿಯ ದಾರಿ ಸುಗಮವಾದರೂ ಕರಾವಳಿಯ ಭೂದಾಖಲೆಗಳ ಜಟಿಲತೆ ಕಡಿಮೆಯಾಗಿಲ್ಲ. ಈ ಜಟಿಲತೆ ಅರಿಯದೆ ಮುಂಗಡ ಕೊಟ್ಟವರು ಜೀವಮಾನದ ಉಳಿತಾಯವನ್ನೇ ಕಳೆದುಕೊಳ್ಳುವ ಅಪಾಯವಿದೆ.

ಅಳತೆಯ ಲೆಕ್ಕ

ಬಯಲುಸೀಮೆಯಲ್ಲಿ ಎಕರೆ-ಗುಂಟೆ ಬಳಕೆಯಲ್ಲಿದ್ದರೆ, ಇಲ್ಲಿ ಎಕರೆ-ಸೆಂಟ್ಸ್ ಲೆಕ್ಕ. 100 ಸೆಂಟ್ಸ್‌ಗೆ ಒಂದು ಎಕರೆ; ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ನೀರು ಸದಾ ನಿಲ್ಲುವ ತಗ್ಗಿನ ಬೈಲುಗದ್ದೆಗೆ ಹಿಂದೆ ಹೆಚ್ಚಿನ ಬೆಲೆ. ಮಳೆಯನ್ನೇ ನಂಬಿದ ಎತ್ತರದ ಬೆಟ್ಟುಗದ್ದೆಗೆ ಕಡಿಮೆ. ಜಾಗದ ಯೋಗ್ಯತೆಯನ್ನು ಹಿರಿಯರು ‘ಇಷ್ಟು ಮುಡಿ ಗೇಣಿಯ ಭೂಮಿ’ ಎಂದೇ ಹೇಳುತ್ತಿದ್ದರು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಅಕ್ಕಿ. ಈಗ ಗದ್ದೆಗಳು ಅಡಿಕೆ ತೋಟಗಳಾಗಿವೆ. ಜಾಗದ ಬೆಲೆಯೂ ಅಡಿಕೆಯ ಧಾರಣೆಯನ್ನು ಅನುಸರಿಸುತ್ತದೆ.

ಕುಮ್ಕಿಯ ಗೊಂದಲ

ಹೊರಗಿನವರು ಮುಖ್ಯವಾಗಿ ಎಡವುವುದು ಕುಮ್ಕಿ ವಿಚಾರದಲ್ಲಿ. ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ತರಗೆಲೆ, ಮೇವು, ಸೌದೆ ಸಂಗ್ರಹಿಸಿಕೊಳ್ಳುವ ಸವಲತ್ತು ಹಿಂದಿನಿಂದಲೂ ವರ್ಗದಾರನಿಗಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮುಂದುವರಿಸಿದೆ. ಆದರೆ ಅದು ಸವಲತ್ತು ಮಾತ್ರ, ಒಡೆತನವಲ್ಲ. ಭೂಮಿ ಸರ್ಕಾರದ್ದೇ.

ಕಾಲಕ್ರಮದಲ್ಲಿ ಕುಮ್ಕಿಯಲ್ಲೂ ಅಡಿಕೆ, ರಬ್ಬರ್, ಗೇರು ತೋಟಗಳು ಎದ್ದಿವೆ. ವರ್ಗ ಮೂರು ಎಕರೆ, ಅದಕ್ಕೆ ತಾಗಿದ ಕುಮ್ಕಿ ನಾಲ್ಕು ಎಕರೆ ಇದ್ದರೆ, ಬೇಲಿಯೊಳಗೆ ನಿಂತವನಿಗೆ ಕಾಣುವುದು ಏಳು ಎಕರೆಯ ಒಂದೇ ತೋಟ. ದಲ್ಲಾಳಿ ಹೇಳುವುದೂ ಏಳು ಎಕರೆಯ ಬೆಲೆಯನ್ನೇ. ಕ್ರಯಪತ್ರದಲ್ಲಿ ‘ಕುಮ್ಕಿ ಹಕ್ಕು ಸಹಿತ’ ಎಂಬ ಒಕ್ಕಣೆ ಇದ್ದರೂ ಖರೀದಿದಾರನಿಗೆ ಒಡೆತನ ಸಿಗುವುದು ಮೂರು ಎಕರೆಗೆ ಮಾತ್ರ. ಉಳಿದ ನಾಲ್ಕು ಎಕರೆಯನ್ನು ಆತ ಬ್ಯಾಂಕಿಗೆ ಅಡವಿಡುವಂತಿಲ್ಲ, ಮಕ್ಕಳ ಹೆಸರಿಗೆ ಬರೆದುಕೊಡುವಂತಿಲ್ಲ. ಕುಮ್ಕಿಯನ್ನು ಕೃಷಿಕರ ಹೆಸರಿಗೇ ಮಾಡಿಕೊಡಬೇಕೆಂಬುದು ಜಿಲ್ಲೆಯಲ್ಲಿ ದಶಕಗಳ ಬೇಡಿಕೆ. ಆ ಭರವಸೆಯನ್ನು ನಂಬಿ ಹಣ ಕೊಡುವುದು ಜಾಣತನವಲ್ಲ.

ನೋಡಬೇಕಾದ ದಾಖಲೆಗಳು

ಪಹಣಿ: 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತಿತರ ಋಣಗಳಿರುತ್ತವೆ. ಮಾರುವವರ ಹೆಸರಿನ ಜತೆ ಬೇರೆ ಹೆಸರುಗಳಿದ್ದರೆ ಅವರೆಲ್ಲರ ಒಪ್ಪಿಗೆ ಅಗತ್ಯ.

ಮೂಲಪತ್ರ: ಜಿಲ್ಲೆಯ ಬಹಳಷ್ಟು ಜಮೀನುಗಳ ಹಕ್ಕು ಭೂಸುಧಾರಣೆಯಿಂದ ಬಂದದ್ದು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಆದೇಶದ ಮೂಲಕ ಒಡೆಯರಾದರು. ಆ ಆದೇಶ ಹಾಗೂ ನಮೂನೆ 10ರ ಪ್ರತಿಯನ್ನು ಪರಿಶೀಲಿಸಬೇಕು.

ಪಾಲುಪಟ್ಟಿ: ಅಳಿಯಸಂತಾನ ಪದ್ಧತಿಯ ಕುಟುಂಬಗಳ ಆಸ್ತಿಯಲ್ಲಿ ಹೆಣ್ಣಿನ ಕಡೆಯ ಕವರುಗಳಿಗೆ ಪಾಲಿರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಮೃತರ ಪಾಲು ಅವರ ವಾರಸುದಾರರಿಗೆ ಸಲ್ಲುತ್ತದೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುವ ಒಬ್ಬ ಪಾಲುದಾರರ ಸಹಿ ಬಿಟ್ಟುಹೋದರೂ ವ್ಯವಹಾರ ನ್ಯಾಯಾಲಯದ ಮೆಟ್ಟಿಲೇರಬಹುದು.

ಮಂಜೂರಾತಿ ಭೂಮಿ: ದರ್ಖಾಸ್ತು ಅಥವಾ ಅಕ್ರಮ-ಸಕ್ರಮದಲ್ಲಿ ದೊರೆತ ಭೂಮಿಗೆ ನಿಗದಿತ ಅವಧಿಯವರೆಗೆ ಪರಭಾರೆ ನಿಷೇಧವಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ.

ನಕ್ಷೆ: ಸರ್ವೇ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಅರಣ್ಯದ ಅಂಚಿನ ಜಾಗವಾದರೆ ಗಡಿಯನ್ನು ಅರಣ್ಯ ಇಲಾಖೆಯಲ್ಲೂ ಖಚಿತಪಡಿಸಿಕೊಳ್ಳಬೇಕು.

ಋಣಭಾರ ಪತ್ರವನ್ನು ಉಪನೋಂದಣಿ ಕಚೇರಿಯಿಂದ ಪಡೆಯಬಹುದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಣಿಗೆ ಅವಕಾಶ ಕಲ್ಪಿಸಲಾಗಿದೆ. ಆದರೆ ನಾರಾವಿಯ ನೆರೆಯ ಈದು ಗ್ರಾಮ ಉಡುಪಿ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನ ಜಾಗಕ್ಕೆ ಕಚೇರಿ ಬೇರೆ.

ಫಸಲೇ ಸಾಕ್ಷಿ

ಅಡಿಕೆ ಗಿಡ ಸುಮಾರು ಐದು ವರ್ಷಕ್ಕೆ ಫಲ ಕೊಡಲಾರಂಭಿಸುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಗಿಡ. ರಬ್ಬರ್ ಮರದ ಟ್ಯಾಪಿಂಗ್ ಆರಂಭವಾಗಲು ಏಳು ವರ್ಷ ಬೇಕು. ಕೊಯ್ದ ಹಣ್ಣಡಿಕೆಯನ್ನು ಅಂಗಳದಲ್ಲಿ 40-45 ದಿನ ಒಣಗಿಸಿ ಸುಲಿದರೆ ಚಾಲಿ ಅಡಿಕೆ. ಹೊಸ ಅಡಿಕೆಗಿಂತ, ಒಂದು ವರ್ಷ ದಾಸ್ತಾನಿಟ್ಟ ಹಳೆ ಅಡಿಕೆಗೆ ಸಾಮಾನ್ಯವಾಗಿ ದರ ಹೆಚ್ಚು. ಕೀಳು ದರ್ಜೆಯದು ಪಟೋರ, ಉಳ್ಳಿ, ಕೋಕ ಎಂದು ಬೇರೆಯಾಗುತ್ತದೆ. ಕಾದು ಮಾರುವ ಶಕ್ತಿಯಿದ್ದ ಕೃಷಿಕನಿಗೆ ಲಾಭ. ಸಾಲದ ಕಂತು ಎದುರಿಗಿದ್ದವನಿಗೆ ಅಂಗಡಿಯವರು ಹೇಳಿದ್ದೇ ದರ.

1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರ ರಕ್ಷಣೆಗೆಂದೇ ಹುಟ್ಟಿದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಸ್ಥಾಪನೆಯಾದ ಈ ಸಹಕಾರ ಸಂಸ್ಥೆ ಕರ್ನಾಟಕ ಮತ್ತು ಕೇರಳದ ಬೆಳೆಗಾರರದ್ದು. ಖಾಸಗಿ ವರ್ತಕರೂ ಅದರ ದರವನ್ನು ಗಮನಿಸಿಯೇ ವ್ಯಾಪಾರ ಮಾಡುತ್ತಾರೆ. ವಿದೇಶಿ ಅಡಿಕೆಯ ಪೈಪೋಟಿ ತಡೆಯಲು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು.

ತೋಟ ಕೊಳ್ಳುವವರಿಗೆ ಈ ಮಾರಾಟದ ರಶೀದಿಗಳೇ ಆಧಾರ. ಬಾಯಿಮಾತಿನ ಕ್ವಿಂಟಲ್ ಲೆಕ್ಕಕ್ಕಿಂತ ಮೂರು-ನಾಲ್ಕು ವರ್ಷಗಳ ರಶೀದಿಗಳು ನಿಜ ಹೇಳುತ್ತವೆ. ಆದರೆ ಆ ಫಸಲಿನಲ್ಲಿ ವರ್ಗದ್ದೆಷ್ಟು, ಕುಮ್ಕಿಯದ್ದೆಷ್ಟು ಎಂಬುದನ್ನೂ ವಿಚಾರಿಸಬೇಕು. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದ ಲಕ್ಷಣಗಳನ್ನು ತಿಳಿದವರಿಂದ ಪರಿಶೀಲಿಸಬೇಕು. ಮಳೆಗಾಲದಲ್ಲಿ ಎಲ್ಲ ತೋಟವೂ ಹಸುರು, ಎಲ್ಲ ತೋಡಿನಲ್ಲೂ ನೀರು. ಜಾಗ ನೋಡಲು ಏಪ್ರಿಲ್-ಮೇ ತಿಂಗಳೇ ಸೂಕ್ತ; ಬಾವಿಯ ತಳ ಆಗಲೇ ಕಾಣುವುದು.

ಮಾರುವವರಿಗೂ ಇದರಲ್ಲಿ ಹಿತವಿದೆ. ವರ್ಗ ಮತ್ತು ಕುಮ್ಕಿಯ ವಿಸ್ತೀರ್ಣವನ್ನು ಮೊದಲೇ ಬೇರೆಬೇರೆಯಾಗಿ ಅಳೆಸಿ, ಪಾಲುದಾರರ ಒಪ್ಪಿಗೆ ಪಡೆದಿಟ್ಟ ಜಾಗ ಬೇಗ ಕೈಬದಲಾಗುತ್ತದೆ. ದಲ್ಲಾಳಿಯ ಮರ್ಜಿಗೆ ಕಾಯಬೇಕಾಗಿಲ್ಲ. ಕೊಳ್ಳುವವರು ಬೆಲೆ ಕಟ್ಟಬೇಕಾದುದು ಪಹಣಿಯಲ್ಲಿರುವ ಎಕರೆ-ಸೆಂಟ್ಸ್‌ಗೆ, ಬೇಲಿಯೊಳಗೆ ಕಾಣುವ ವಿಸ್ತೀರ್ಣಕ್ಕಲ್ಲ.