ಡೆನಾಲಿ ರಾಷ್ಟ್ರೀಯ ಉದ್ಯಾನ: ಸಸ್ಯಗಳು ಮತ್ತು ವನ್ಯಜೀವಿಗಳು

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿರುವ ಡೆನಾಲಿ ರಾಷ್ಟ್ರೀಯ ಉದ್ಯಾನವು ಉತ್ತರ ಅಮೆರಿಕದ ಅತಿ ಎತ್ತರದ ಶಿಖರವನ್ನು (6,190 ಮೀಟರ್) ಒಳಗೊಂಡಿದ್ದರೂ, ಅದು ಹುಟ್ಟಿಕೊಂಡದ್ದು ಶಿಖರಕ್ಕಾಗಿ ಅಲ್ಲ, ಬಿಳಿಯ ಕಾಡುಕುರಿಗಳಿಗಾಗಿ. ನಿಸರ್ಗ ಅಧ್ಯಯನಕಾರ ಚಾರ್ಲ್ಸ್ ಶೆಲ್ಡನ್ 1906ರಲ್ಲಿ ಡಾಲ್ ಕುರಿಗಳೆಂಬ ಈ ಕಾಡುಕುರಿಗಳನ್ನು ಅರಸಿ ಇಲ್ಲಿಗೆ ಬಂದರು. 1907–08ರ ಚಳಿಗಾಲವನ್ನು ಟೋಕ್ಲಾಟ್ ನದಿಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಕಳೆದರು. ಮಾಂಸದ ವ್ಯಾಪಾರಕ್ಕಾಗಿ ನಡೆಯುತ್ತಿದ್ದ ಬೇಟೆ ಈ ಕುರಿಗಳನ್ನು ಅಳಿಸಿಹಾಕುತ್ತದೆಂದು ಮನಗಂಡು, ಈ ಪ್ರದೇಶವನ್ನು ರಕ್ಷಿಸಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದರು. 1917ರ ಫೆಬ್ರವರಿ 26ರಂದು ಮೌಂಟ್ ಮೆಕಿನ್ಲಿ ಎಂಬ ಹೆಸರಿನಲ್ಲಿ ಉದ್ಯಾನ ಸ್ಥಾಪನೆಯಾಯಿತು.

ಇಲ್ಲಿನ ಸಸ್ಯಜೀವನವನ್ನು ನಿರ್ಧರಿಸುವುದು ಚಳಿ. ಹಲವೆಡೆ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ ಬೇರುಗಳು ಆಳಕ್ಕಿಳಿಯಲಾರವು. ತಗ್ಗಿನ ಕಣಿವೆಗಳಲ್ಲಿ ಸ್ಪ್ರೂಸ್ ಮರಗಳ ಕಾಡಿದೆ. ಅದರ ಮೇಲೆ ಕುಳ್ಳ ಬರ್ಚ್ ಮತ್ತು ವಿಲೋ ಪೊದೆಗಳು, ಇನ್ನೂ ಮೇಲೆ ನೆಲಕ್ಕಂಟಿ ಬೆಳೆಯುವ ತುಂಡ್ರಾ ಗಿಡಗಳು, ಹಾವಸೆ, ಕಲ್ಲುಹೂವು. ಚಳಿಗಾಲದಲ್ಲಿ ಕ್ಯಾರಿಬೂ ಜಿಂಕೆಗಳ ಮುಖ್ಯ ಆಹಾರ ಈ ಕಲ್ಲುಹೂವೇ. ಮೂಸ್ ಎಂಬ ದೊಡ್ಡ ಜಿಂಕೆಗೆ ವಿಲೋ ಬೇಕು. ಗ್ರಿಜ್ಲಿ ಕರಡಿ ಬೇಸಿಗೆಯ ಕೊನೆಯಲ್ಲಿ ಕಾಡುಹಣ್ಣು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಉದ್ಯಾನದ ಏಕೈಕ ಉಭಯವಾಸಿಯಾದ ವುಡ್ ಫ್ರಾಗ್ ಎಂಬ ಕಪ್ಪೆಯ ಬದುಕು ನಿಜಕ್ಕೂ ವಿಸ್ಮಯಕರ: ಚಳಿಗಾಲದಲ್ಲಿ ಅದರ ಹೃದಯ ನಿಲ್ಲುತ್ತದೆ, ಮೈ ಹೆಪ್ಪುಗಟ್ಟುತ್ತದೆ, ವಸಂತದಲ್ಲಿ ಕರಗಿ ಮತ್ತೆ ಚೇತರಿಸಿಕೊಳ್ಳುತ್ತದೆ.

ಬೇಟೆಗಾರರಿಂದ ಕುರಿಗಳನ್ನು ಉಳಿಸಿದ ಉದ್ಯಾನದಲ್ಲಿ ಮುಂದೆ ತೋಳಗಳೇ ಅಪರಾಧಿಗಳೆನಿಸಿದವು. 1930ರ ಆಸುಪಾಸಿನ ಕಠಿಣ ಚಳಿಗಾಲಗಳಲ್ಲಿ ಕುರಿಗಳ ಸಂಖ್ಯೆ ಕುಸಿದಾಗ ತೋಳಗಳನ್ನು ಕೊಲ್ಲಬೇಕೆಂಬ ಕೂಗೆದ್ದಿತು. 1939ರಿಂದ ಇಲ್ಲಿ ಅಧ್ಯಯನ ನಡೆಸಿದ ಜೀವವಿಜ್ಞಾನಿ ಅಡಾಲ್ಫ್ ಮ್ಯೂರಿ, ತೋಳಗಳಿಗೆ ಬಲಿಯಾಗುವವು ಹೆಚ್ಚಾಗಿ ಮುದಿ, ರೋಗಗ್ರಸ್ತ ಹಾಗೂ ಎಳೆಯ ಕುರಿಗಳೆಂದು ಬುರುಡೆಗಳನ್ನು ಕಲೆಹಾಕಿ ತೋರಿಸಿದರು. 1944ರಲ್ಲಿ ಪ್ರಕಟವಾದ ಅವರ ಗ್ರಂಥ ತೋಳಗಳ ಕುರಿತ ಮೊದಲ ಮಹತ್ವದ ಕ್ಷೇತ್ರಾಧ್ಯಯನಗಳಲ್ಲೊಂದು. ಆದರೂ ತೋಳಗಳ ನಿಯಂತ್ರಣ ಕೂಡಲೇ ನಿಲ್ಲಲಿಲ್ಲ. ಅದಕ್ಕೆ 1950ರ ದಶಕದವರೆಗೆ ಕಾಯಬೇಕಾಯಿತು.

1980ರ ಕಾನೂನು ಉದ್ಯಾನಕ್ಕೆ ಡೆನಾಲಿ ಎಂಬ ಹೆಸರು ನೀಡಿತು. ಸಂರಕ್ಷಿತ ಪ್ರದೇಶ ಸುಮಾರು 24,000 ಚದರ ಕಿಲೋಮೀಟರಿಗೆ ಹಿಗ್ಗಿತು. ಹಳೆಯ ಉದ್ಯಾನದಲ್ಲಿ ಬೇಟೆ ನಿಷೇಧ ಮುಂದುವರಿದರೆ, ಹೊಸದಾಗಿ ಸೇರಿದ ನೆಲದಲ್ಲಿ ಸ್ಥಳೀಯರ ಜೀವನಾಧಾರದ ಬೇಟೆಗೆ ಅವಕಾಶವಿದೆ. ಈಶಾನ್ಯದ ಗಡಿಯಾಚೆ ತೋಳಗಳಿಗಿದ್ದ ರಕ್ಷಣಾ ವಲಯವನ್ನು ಅಲಾಸ್ಕಾದ ಬೇಟೆ ಮಂಡಳಿ 2010ರಲ್ಲಿ ರದ್ದುಪಡಿಸಿತು.