ಬಸುರಿಗೆ ಹೇಳಿದ ಪಾಠ



1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಬರಬರುತ್ತ ಕಚೇರಿಯ ಕಾಗದ ತೆಲುಗಾಯಿತು; ಬೊಮ್ಮನಹಾಳಿನ ಕಡೆ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ಹಾಗಾದರೆ ಹೆರಿಗೆಗೆ ಸಿದ್ಧಳಾಗುವ ಹೆಣ್ಣಿಗೆ ಬೇಕಾದ ತಿಳಿವಳಿಕೆ ಯಾವ ದಾರಿಯಿಂದ ಬಂತು?

ಮೊದಲು ಬಂದದ್ದು ಬಾಯಿಮಾತಿನಿಂದ. ಗಡಿಯಾಚೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಿ. ಅಜ್ಜಿಯಿಂದ ಕಲಿತ ಆಕೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು.

ಆದರೆ ಎಲ್ಲರ ಕೈಗುಣ ಒಂದೇ ಅಲ್ಲ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಸಗಣಿ ಹಚ್ಚಿದ ಕಡೆ ಕೂಸು ಧನುರ್ವಾಯುವಿಗೆ ತುತ್ತಾಗುತ್ತಿತ್ತು. ಅದಕ್ಕೆಂದೇ ಸೂಲಗಿತ್ತಿಯರ ತರಬೇತಿಯಲ್ಲಿ ಐದು ಶುಚಿಗಳ ಪಾಠ ಬಂತು: ಕೈ, ಹಾಸು, ಬ್ಲೇಡು, ದಾರ, ಹೊಕ್ಕುಳು. ಐದು ಬೆರಳಿಗೆ ಐದು. ಓದು ಬಾರದವಳೂ ಮರೆಯಳು. ತಾಯಂದಿರಿಗೆ ಚುಚ್ಚುಮದ್ದೂ ಸೇರಿ, ತಾಯಿ-ಶಿಶುಗಳ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿತೆಂದು 2015ರಲ್ಲಿ ಘೋಷಣೆಯಾಯಿತು.

ಎರಡನೆಯದು ಪುಸ್ತಕ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದರು. ನಾಚಿಕೆಯಿಂದ ಯಾರನ್ನೂ ಕೇಳಲಾರದ ಸೊಸೆಗೆ ಕನ್ನಡದಲ್ಲೇ ಉತ್ತರ ಸಿಕ್ಕಿತು. ಆದರೆ ಅಕ್ಷರ ಬಲ್ಲವಳಿಗೆ ಮಾತ್ರ.

ಮೂರನೆಯದು ಚಿತ್ರವಿರುವ ತಾಯಿ-ಮಗು ರಕ್ಷಣಾ ಕಾರ್ಡು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದಳು. ಕಾರ್ಡು ತೆಲುಗಿನಲ್ಲಿದ್ದರೆ ಏನು? ಎರಡೂ ಲಿಪಿ ಅಕ್ಕತಂಗಿಯರು; ಓದಬಲ್ಲವರು ಓದಿ ಮನೆಮಾತಿನಲ್ಲಿ ಹೇಳಿದರಾಯಿತು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದು ತಿಳಿದರೆ ಬಸುರಿ ಹೆದರಿ ಮಾತ್ರೆ ಬಿಡುವುದಿಲ್ಲ. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವೆಂದು ಅವಳ ತುತ್ತು ಕಸಿಯುವ ಹಿರಿಯರಿಗೂ ಇದೇ ಪಾಠ ಬೇಕು.

ಬಾಣಂತಿಯರ ಸಾವಿಗೆ ಮೂರು ತಡಗಳು ಕಾರಣವೆಂದು 1994ರಲ್ಲಿ ಇಬ್ಬರು ಸಂಶೋಧಕಿಯರು ಬರೆದರು: ಹೋಗಬೇಕೆಂದು ತೀರ್ಮಾನಿಸುವ ತಡ, ಆಸ್ಪತ್ರೆ ಮುಟ್ಟುವ ತಡ, ಅಲ್ಲಿ ಚಿಕಿತ್ಸೆ ಸಿಗುವ ತಡ. ಕೊನೆಯ ಎರಡು ರಸ್ತೆ, ವಾಹನ, ಆಸ್ಪತ್ರೆಗೆ ಸೇರಿದವು. ಮೊದಲನೆಯದು ನಮ್ಮ ಜಗಲಿಯ ಮೇಲೇ ಆಗುತ್ತದೆ.

ಆದ್ದರಿಂದ ಇಷ್ಟನ್ನು ಮನೆಯವರೆಲ್ಲ ನೆನಪಿಡಿ: ರಕ್ತಸ್ರಾವ, ಮುಖ-ಕೈಗಳ ಬಾವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸು, ಜ್ವರ, ಕೂಸಿನ ಚಲನೆ ಕಡಿಮೆಯಾಗುವುದು. ಒಂದು ಕಂಡರೂ ಕಾಯಬೇಡಿ, 108ಕ್ಕೆ ಕರೆಮಾಡಿ. ಯಾವ ಭಾಷೆಯಲ್ಲಿ ಕೂಗಿದರೂ ಸರಿ, ಹೊತ್ತಿಗೆ ಮುಂಚೆ ಕೂಗಿ.